ಗೇರುಸೊಪ್ಪೆಯ ಬೆಳ್ಳಿಯೂ ಮಂಗಳೂರಿನ ಹೆಂಚೂ

ಕಳೆದ ಮಾಗಿಯಲ್ಲಿ ಉತ್ತರಹಳ್ಳಿಯ ನಮ್ಮ ನೆರೆಮನೆಯವರು ತಮ್ಮ ಹಿರಿಯರ ಕಾಲದ ಹೆಂಚಿನ ಮನೆಯನ್ನು ಕೆಡವಿಸುವುದೆಂದು ನಿಶ್ಚಯಿಸಿದರು. ಉತ್ತರಹಳ್ಳಿಯು ಈಗ ಬೆಂಗಳೂರು ನಗರದೊಳಗೇ ಸೇರಿಹೋಗಿರುವುದಾದರೂ, ಒಂದು ಕಾಲಕ್ಕೆ ರಾಗಿಯ ಹೊಲಗಳ ನಡುವೆ ತನ್ನಷ್ಟಕ್ಕೆ ತಾನಿದ್ದ ಹೋಬಳಿಯ ಊರು. ಅಂತಹ ಊರಿನ ಹಳೆಯ ಮನೆಯೆಂದ ಮೇಲೆ ಅದರಲ್ಲಿ ನಿಧಿಯಿದೆಯೆಂಬ ಮಾತೂ ಇರಲೇಬೇಕಲ್ಲವೆ? ಆ ಮನೆಯ ಯಜಮಾನರ ತಾತನವರು ದೇವರ ಕೋಣೆಯ ನೆಲದಲ್ಲಿ ಬೆಳ್ಳಿಯ ರೂಪಾಯಿಗಳ ಗಡಿಗೆಯೊಂದನ್ನು ಹೂಳಿಟ್ಟಿದ್ದರೆಂದು ಮೂರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದರು. ಅಣ್ಣತಮ್ಮಂದಿರಲ್ಲಿ ಇದರ ಸಲುವಾಗಿ ಮಾತು ಬೆಳೆದು, ಒಬ್ಬರ ಮನೆಗೊಬ್ಬರು ಹೋಗುವುದೂ ನಿಂತಿತ್ತು. ಎರಡು ದಿನ ಹಾರೆ ಗುದ್ದಲಿಗಳಿಂದ ನೆಲವನ್ನೆಲ್ಲ ಅಗೆಸಿದರು. ಸಿಕ್ಕಿದುದು ಒಂದು ಒಡೆದ ಒರಳು, ಇಷ್ಟು ಇದ್ದಿಲು.

ಮನೆಯ ಮೊಮ್ಮಗನು ಕಾಲೇಜಿನಲ್ಲಿ ಓದುವ ಹುಡುಗ. ಅವನು ಹಣೆಯ ಬೆವರೊರಸಿಕೊಂಡು, "ನೆಲ ಅಗೆದು ಪ್ರಯೋಜನವಿಲ್ಲ ಅಜ್ಜಿ, ಸಮುದ್ರದಲ್ಲಿ ಹುಡುಕಬೇಕು. ಅಲ್ಲಿ ಮುಳುಗಿದ ಹಡಗುಗಳಲ್ಲಿ ಟನ್ನುಗಟ್ಟಲೆ ಬೆಳ್ಳಿಯಿದೆಯಂತೆ" ಎಂದನು. ಅಜ್ಜಿ ನಕ್ಕು, "ಮೊದಲು ಆ ಹೆಂಚುಗಳನ್ನು ಒಡೆಯದ ಹಾಗೆ ಇಳಿಸೋ ಮಗು. ಅವನ್ನು ಹೊದಿಸೋಕೆ ನಿಮ್ಮ ಮುತ್ತಾತ ಎರಡು ವರ್ಷದ ಬೆಳೆ ಮಾರಿದ್ರು" ಎಂದರು. ಹುಡುಗನು ಒಂದು ಹೆಂಚನ್ನು ತಿರುವಿ ನಮ್ಮ ಕೈಗೆ ಕೊಟ್ಟನು. ಅದರ ಬೆನ್ನಿನ ಮೇಲೆ ಆಂಗ್ಲ ಅಕ್ಷರಗಳಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರಖಾನೆಯ ಹೆಸರೂ, 1865 ಎಂಬ ಇಸವಿಯೂ ಅಚ್ಚಾಗಿದ್ದುವು.

"ಈ ಹೆಂಚಿನ ಒಡಹುಟ್ಟುಗಳು ಗೋವೆಯ ಸಮುದ್ರದ ತಳದಲ್ಲಿ ಸಿಕ್ಕಿವೆ, ತಿಳಿಯಿತೆ?" ಎಂದು ನಾವು ಹೇಳಿದಾಗ ಅಜ್ಜಿಗೂ ಮೊಮ್ಮಗನಿಗೂ ಸಮನಾಗಿ ಆಶ್ಚರ್ಯವಾಯಿತು. ಆ ದಿನ ಅವರ ಜಗುಲಿಯ ಮೇಲೆ ಕುಳಿತು ಹೇಳಿದ ಸಂಗತಿಗಳನ್ನೇ ಇಲ್ಲಿ ವಾಚಕರ ಮುಂದೆಯೂ ಇಡುತ್ತೇವೆ.

ಗೇರುಸೊಪ್ಪೆ ಎಂಬ ಹಡಗು

ಹುಡುಗನು ಹೇಳಿದ ಬೆಳ್ಳಿಯ ಮಾತು ಸುಳ್ಳಲ್ಲ. ಆ ಬೆಳ್ಳಿಯನ್ನು ಹೊತ್ತಿದ್ದ ಹಡಗಿಗೆ ನಮ್ಮ ನಾಡಿನದೇ ಹೆಸರು ಎಂಬುದನ್ನು ಮಾತ್ರ ಅವನು ಅರಿಯನು. ಶರಾವತಿಯ ದಡದ ಗೇರುಸೊಪ್ಪೆಯನ್ನು ಕೇಳದ ಕನ್ನಡಿಗರುಂಟೆ? ಹದಿನಾರನೆಯ ಶತಮಾನದಲ್ಲಿ ಅಲ್ಲಿ ರಾಣಿ ಚೆನ್ನಭೈರಾದೇವಿಯು ಆಳಿದಳು. ಅವಳ ಸೀಮೆಯ ಮೆಣಸಿಗಾಗಿ ಹಡಗುಗಳನ್ನು ತರುತ್ತಿದ್ದ ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದೇ ಕರೆದರು. ನಮ್ಮ ಜೋಗದ ಜಲಪಾತಕ್ಕೂ ಆಂಗ್ಲರು ಗೇರುಸೊಪ್ಪೆಯ ಹೆಸರನ್ನೇ ಇಟ್ಟಿದ್ದರು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪೆನಿಯವರು 1919ರಲ್ಲಿ ಇಂಗ್ಲೆಂಡಿನ ಜಾರೋ ಎಂಬಲ್ಲಿ ಕಟ್ಟಿಸಿದ ಸರಕಿನ ಹಡಗೊಂದು ಇದೇ ಹೆಸರನ್ನು ಹೊತ್ತು ಕಡಲಿಗಿಳಿಯಿತು.

ಎರಡನೆಯ ಮಹಾಯುದ್ಧದ ಕಾಲ. 1940ರ ಡಿಸೆಂಬರಿನಲ್ಲಿ ಈ ಹಡಗು ಕಲ್ಕತ್ತೆಯಿಂದ ಇಂಗ್ಲೆಂಡಿಗೆ ಹೊರಟಿತು. ಒಡಲಿನಲ್ಲಿ ಸುಮಾರು 7,000 ಟನ್ನು ಸರಕು: ಬೀಡು ಕಬ್ಬಿಣ, ಚಹ, ಟಪಾಲಿನ ಚೀಲಗಳು, ಬೆಳ್ಳಿಯ ಗಟ್ಟಿಗಳು. ಆಫ್ರಿಕದ ಫ್ರೀಟೌನ್ ಬಂದರಿನಲ್ಲಿ ಇತರ ಹಡಗುಗಳ ತಂಡವನ್ನು ಸೇರಿ ಜನವರಿಯ ಕೊನೆಯಲ್ಲಿ ಉತ್ತರಕ್ಕೆ ಸಾಗಿತು. ಹವೆ ಕೆಟ್ಟಿತು, ಅಲೆಗಳೊಡನೆ ಹೆಣಗಿ ಹೆಣಗಿ ಕಲ್ಲಿದ್ದಲು ಮುಗಿಯುತ್ತ ಬಂದಿತು. ಫೆಬ್ರವರಿ 14ರಂದು ಅದು ತಂಡವನ್ನು ಬಿಟ್ಟು, ಒಂಟಿಯಾಗಿ ಐರ್ಲೆಂಡಿನ ಗಾಲ್ವೇ ಬಂದರಿನ ಕಡೆಗೆ ತಿರುಗಬೇಕಾಯಿತು. ಜರ್ಮನರ ವಿಮಾನವೊಂದು ಅದನ್ನು ಕಂಡು ಸುತ್ತಿಹೋಯಿತು. 17ರಂದು ಜರ್ಮನರ ಯು-101 ಎಂಬ ಜಲಾಂತರ್ಗಾಮಿಯು ಹೊಡೆದ ಟಾರ್ಪಿಡೊ ತಗುಲಿ, ಅರ್ಧ ಗಂಟೆಯೊಳಗಾಗಿ 'ಗೇರುಸೊಪ್ಪೆ'ಯು ನೀರಿನಡಿಗೆ ಹೋಯಿತು.

ಹಡಗಿನಲ್ಲಿದ್ದವರು ಎಂಬತ್ತಕ್ಕೂ ಮೇಲ್ಪಟ್ಟ ಜನ. ಅವರಲ್ಲಿ ಬಹುಮಂದಿ ನಮ್ಮ ದೇಶದ ಲಸ್ಕರರು, ಎಂದರೆ ಹಡಗಿನ ಕೂಲಿಗಳು. ಮೂವತ್ತು ಜನರಿಗೂ ಮಿಕ್ಕಿದ ಒಂದು ದೋಣಿಯನ್ನು ರಿಚರ್ಡ್ ಏರ್ಸ್ ಎಂಬ ಅಧಿಕಾರಿಯು ನಡೆಯಿಸಿದನು. ಚಳಿಗಾಲದ ಅಟ್ಲಾಂಟಿಕ್ ಸಾಗರ; ಕುಡಿಯುವ ನೀರಿಲ್ಲ; ಒಬ್ಬೊಬ್ಬರಾಗಿ ಕಣ್ಣುಮುಚ್ಚಿದರು. ಹದಿಮೂರನೆಯ ದಿನ ಇಂಗ್ಲೆಂಡಿನ ಕಾರ್ನ್‌ವಾಲ್ ತೀರವು ಕಣ್ಣಿಗೆ ಬಿದ್ದಾಗ ಉಳಿದಿದ್ದವರು ಕೆಲವರೇ. ದಡದ ಅಲೆಯೇ ದೋಣಿಯನ್ನು ಮಗುಚಿತು. ಜೀವದಿಂದ ಮೇಲಕ್ಕೆ ಬಂದವನು ಏರ್ಸ್ ಒಬ್ಬನೇ. ಕಲ್ಕತ್ತೆಯ ಹಡಗುಕಟ್ಟೆಯಲ್ಲಿ ತಿಂಗಳ ಸಂಬಳಕ್ಕೆ ಕೈಯೊಡ್ಡಿ ಹೋದ ಲಸ್ಕರರ ಮನೆಗಳಲ್ಲಿ ಅವರಿಗಾಗಿ ಎಷ್ಟು ದಿನ ಕಾದಿದ್ದರೋ!

ಮೂರು ಮೈಲಿಯ ಆಳದಿಂದ

ಸತ್ತವರನ್ನು ಲೋಕವು ಮರೆಯಿತು; ಬೆಳ್ಳಿಯನ್ನು ಮರೆಯಲಿಲ್ಲ. 2010ರಲ್ಲಿ ಬ್ರಿಟಿಷ್ ಸರ್ಕಾರವು ಒಡಿಸ್ಸಿ ಮರೀನ್ ಎಕ್ಸ್‌ಪ್ಲೊರೇಶನ್ ಎಂಬ ಅಮೆರಿಕದ ಕಂಪೆನಿಗೆ ಹುಡುಕುವ ಗುತ್ತಿಗೆಯನ್ನು ಕೊಟ್ಟಿತು. ಖರ್ಚೂ ನಷ್ಟದ ಭಯವೂ ಕಂಪೆನಿಯದು. ಸಿಕ್ಕಿದರೆ ಖರ್ಚು ಕಳೆದು ಉಳಿದ ಮೌಲ್ಯದಲ್ಲಿ ನೂರಕ್ಕೆ 80 ಪಾಲು ಕಂಪೆನಿಗೆ, ಮಿಕ್ಕಿದುದು ಸರ್ಕಾರಕ್ಕೆ ಎಂದು ಕರಾರಾಯಿತು. 2011ರಲ್ಲಿ ಹಡಗು ಸಿಕ್ಕಿತು. ಅದು ಐರ್ಲೆಂಡಿನಿಂದ ಸುಮಾರು 300 ಮೈಲಿ ದೂರದಲ್ಲಿ, ಸುಮಾರು 4,700 ಮೀಟರು, ಎಂದರೆ ಸಮೀಪ ಮೂರು ಮೈಲಿಯ ಆಳದಲ್ಲಿ, ಕೀಲದ ಮೇಲೆ ನೆಟ್ಟಗೆ ಕುಳಿತಂತೆ ಇದ್ದಿತು.

ಇಂತಹ ಹುಡುಕಾಟವು ಹೇಗೆ ನಡೆಯುವುದೆಂದು ವಾಚಕರು ಕೇಳಬಹುದು. ಮೊದಲ ಹುಡುಕಾಟ ಕಡಲಿನಲ್ಲಲ್ಲ, ಕಾಗದದಲ್ಲಿ. ಹಳೆಯ ದಿನಚರಿಗಳು, ವಿಮೆಯ ಲೆಕ್ಕಗಳು, ಶತ್ರುವಿನ ದಾಖಲೆಗಳು ಇವನ್ನು ತಾಳೆನೋಡಿ, ಹಡಗು ಮುಳುಗಿರಬಹುದಾದ ಪ್ರದೇಶವನ್ನು ನಕ್ಷೆಯ ಮೇಲೆ ಗುರುತಿಸುವರು. ಬಳಿಕ ಹೊಲವನ್ನು ಸಾಲುಸಾಲಾಗಿ ಉಳುವಂತೆ, ಶೋಧಕ ನೌಕೆಯು ಆ ಪ್ರದೇಶದ ಮೇಲೆ ಹೋಗುತ್ತ ಬರುತ್ತ, ಹಿಂದೆ ಹಗ್ಗಕ್ಕೆ ಕಟ್ಟಿದ ಯಂತ್ರದಿಂದ ತಳಕ್ಕೆ ಶಬ್ದವನ್ನು ಕಳುಹುವುದು. ಬಾವಿಯೊಳಕ್ಕೆ ಕೂಗಿದರೆ ದನಿ ಮರಳುವಂತೆ ಆ ಶಬ್ದವು ತಳಕ್ಕೆ ತಾಗಿ ಮರಳುವುದು. ಮರಳಿದ ಶಬ್ದದಿಂದ ತಳದ ಉಬ್ಬುತಗ್ಗುಗಳ ಚಿತ್ರವಾಗುವುದು. ಕಬ್ಬಿಣವಿದ್ದೆಡೆ ಭೂಮಿಯ ಅಯಸ್ಕಾಂತ ಬಲವು ಒಂದಿಷ್ಟು ಓರೆಯಾಗುವುದನ್ನು ಇನ್ನೊಂದು ಯಂತ್ರವು ತಿಳಿಸುವುದು. ಮನುಷ್ಯನು ಇಳಿಯಲಾಗದ ಆಳಕ್ಕೆ ಕಣ್ಣೂ ಕೈಯೂ ಉಳ್ಳ ಯಂತ್ರವನ್ನು ಇಳಿಬಿಟ್ಟು, ಮೇಲಿನ ನೌಕೆಯಲ್ಲಿ ಕುಳಿತು ಅದನ್ನು ನಡೆಯಿಸುವರು.

ಹೀಗೆ 2012ರಲ್ಲಿಯೂ 2013ರಲ್ಲಿಯೂ ಎತ್ತಿದ ಬೆಳ್ಳಿಯ ಗಟ್ಟಿಗಳು ಒಟ್ಟು 2,792. ತೂಕ ಸುಮಾರು 110 ಟನ್ನು. ಅಷ್ಟು ಆಳದಿಂದ ಅಷ್ಟು ಭಾರದ ಬೆಲೆಬಾಳುವ ಲೋಹವನ್ನು ಅದಕ್ಕೆ ಮುಂಚೆ ಯಾರೂ ಎತ್ತಿರಲಿಲ್ಲ. ಇಂಗ್ಲೆಂಡಿನ ಟಂಕಸಾಲೆಯವರು ಅದರಲ್ಲಿ ಒಂದಿಷ್ಟನ್ನು ನಾಣ್ಯ ಮಾಡಿ, ಅಂಚಿನ ಮೇಲೆ ಆ ಹಡಗಿನ ಹೆಸರನ್ನೇ ಅಚ್ಚು ಹಾಕಿದರು. ಕಲ್ಕತ್ತೆಯಿಂದ ಹೊರಟ ಬೆಳ್ಳಿ, ಕನ್ನಡ ನಾಡಿನ ಹೆಸರು, ನಮ್ಮವರ ಪ್ರಾಣ. ಹಂಚಿಕೊಂಡವರು ಮಾತ್ರ ಬೇರೆಯವರು. ಕಾನೂನಿನಂತೆ ಅದು ಸರಿಯೇ ಇರಬಹುದು. ಆದರೂ ಈ ಲೆಕ್ಕವನ್ನು ಓದುವಾಗ ನಮ್ಮ ಮನಸ್ಸಿಗೆ ಒಂದಿಷ್ಟು ಚುಚ್ಚದೆ ಇರಲಿಲ್ಲ.

ಹೆಸರು ಹೇಳಿದ ಹೆಂಚು

ಈಗ ನಮ್ಮ ತೀರಕ್ಕೆ ಬರೋಣ. ಮಳೆಗಾಲದ ಅರಬ್ಬೀ ಸಮುದ್ರವು ಯಾರ ದಾಕ್ಷಿಣ್ಯವನ್ನೂ ನೋಡುವುದಲ್ಲ. 2009ರ ಜುಲೈ ತಿಂಗಳಲ್ಲಿ ಹೊಸಮಂಗಳೂರು ಬಂದರಿನಿಂದ ಕಬ್ಬಿಣದ ಅದಿರನ್ನು ತುಂಬಿಕೊಂಡು ಚೀನಕ್ಕೆ ಹೊರಟ 'ಏಷಿಯನ್ ಫಾರೆಸ್ಟ್' ಎಂಬ ಹಡಗು ದಡದ ಸಮೀಪದಲ್ಲಿಯೇ ವಾಲಿ ಮುಳುಗಿತು. ನೀರು ಕುಡಿದ ಅದಿರಿನ ಪುಡಿಯು ಕೆಸರಿನಂತೆ ಒಂದು ಪಕ್ಕಕ್ಕೆ ಸರಿದುದೇ ಅದಕ್ಕೆ ಕಾರಣ. ಕರಾವಳಿ ರಕ್ಷಣಾ ಪಡೆಯವರು ನಾವಿಕರನ್ನೆಲ್ಲ ಉಳಿಸಿದರು. ಇಂತಹ ಹಡಗುಗಳಲ್ಲಿ ಚಿನ್ನ ಬೆಳ್ಳಿಗಳನ್ನು ಅರಸುವವರಿಲ್ಲ. ಆದರೆ ಇದಕ್ಕಿಂತ ಹಿಂದಿನ ಹಡಗುಗಳನ್ನು ಅರಸುವ ವಿದ್ಯಾವಂತರು ನಮ್ಮಲ್ಲಿ ಇದ್ದಾರೆ.

ಗೋವೆಯ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಿದೆ. ಅಲ್ಲಿ 1981ರಲ್ಲಿ ಕಡಲ ಪುರಾತತ್ತ್ವದ ವಿಭಾಗವನ್ನು ಕಟ್ಟಿದವರು ಕನ್ನಡಿಗರಾದ ಡಾಕ್ಟರ್ ಶಿಕಾರಿಪುರ ರಂಗನಾಥ ರಾಯರು. ನೆಲದ ಮೇಲೆ ಗುಜರಾತಿನ ಲೋಥಲ್ ನಗರವನ್ನು ಅಗೆದು ತೋರಿಸಿದ ರಾಯರು, ತಮ್ಮ ಅರುವತ್ತನೆಯ ವಯಸ್ಸಿನ ಬಳಿಕ ದ್ವಾರಕೆಯ ಕಡಲಿನಲ್ಲಿ ಶೋಧಗಳನ್ನು ನಡೆಯಿಸಿದರು. ಅವರು 2013ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಕಾಲವಾದರು.

ಈ ಸಂಸ್ಥೆಯವರು ಗೋವೆಯ ಸುಂಚಿ ಎಂಬ ಮುಳುಗುಬಂಡೆಯ ಬಳಿ ಹದಿನೇಳನೆಯ ಶತಮಾನದ ಪೋರ್ಚುಗೀಸ್ ಹಡಗಿನ ಅವಶೇಷವನ್ನು ಶೋಧಿಸಿದರು. ಅಲ್ಲಿ ದೊರೆತವು ಕಬ್ಬಿಣದ ತೋಪುಗಳು, ಲಂಗರು, ಚೀನದ ಪಿಂಗಾಣಿಯ ಚೂರುಗಳು, ಆನೆಯ ದಂತಗಳು, ನೀರುಕುದುರೆಯ ಹಲ್ಲುಗಳು. ಆಫ್ರಿಕದ ದಂತ, ಚೀನದ ಪಾತ್ರೆ, ಪೋರ್ಚುಗಲ್ಲಿನ ತೋಪು! ಗೋವೆಯ ಅಂಗಡಿಬೀದಿಯ ವ್ಯಾಪಾರವೆಲ್ಲ ಒಂದು ಬಂಡೆಯ ಮೂಲೆಯಲ್ಲಿ ರಾಶಿಬಿದ್ದಿತ್ತು.

ಆದರೆ ಉತ್ತರಹಳ್ಳಿಯ ಅಜ್ಜಿಗೆ ನಾವು ಹೇಳಿದುದು ಇದಲ್ಲ. ಮುರಗಾಂವಿಗೆ ಸಮೀಪದ ಸೇಂಟ್ ಜಾರ್ಜ್ ಬಂಡೆಯ ಬಳಿ ಇದೇ ಸಂಸ್ಥೆಯವರು ಮುಳುಗಿದಾಗ, ಕಡಲ ತಳದಲ್ಲಿ ಸುಟ್ಟ ಮಣ್ಣಿನ ಸಾಮಾನುಗಳ ರಾಶಿಯೇ ಕಂಡಿತು. ಛಾವಣಿಯ ಹೆಂಚುಗಳು, ಮೂಲೆಹೆಂಚುಗಳು, ನೆಲಕ್ಕೆ ಹಾಸುವ ಬಿಲ್ಲೆಗಳು, ನೀರಿನ ಕೊಳವೆಗಳು, ಹೊಗೆಗೂಡಿನ ಇಟ್ಟಿಗೆಗಳು, ಕಂಬಗಳ ಬೋದಿಗೆಗಳು ಅಲ್ಲಿದ್ದುವು. ಯಾರದೋ ಬಂಗಲೆಯೊಂದು ಬಿಡಿಬಿಡಿಯಾಗಿ ಹಡಗು ಹತ್ತಿದಂತಿದ್ದಿತು. ಸರಕು ಎಲ್ಲಿಯದೆಂದು ಹೇಳಿದುದು ಹೆಂಚಿನ ಬೆನ್ನಿನ ಮೇಲಿನ ಮುದ್ರೆ. ಬಾಸೆಲ್ ಮಿಶನ್ ಹೆಂಚಿನ ಕಾರಖಾನೆ, 1865: ನೆರೆಮನೆಯ ಸೂರಿನಿಂದ ಇಳಿದ ಹೆಂಚಿನ ಮೇಲಿದ್ದ ಅದೇ ಮುದ್ರೆ! ಈ ಇಸವಿಯು ಹೆಂಚನ್ನು ಮಾಡಿದ ವರ್ಷವಲ್ಲ, ಕಾರಖಾನೆಯು ಹುಟ್ಟಿದ ವರ್ಷ. ಆದುದರಿಂದ ಹಡಗು ಅದಕ್ಕಿಂತ ಮುಂಚಿನದಾಗಿರಲಾರದು ಎಂಬಷ್ಟನ್ನು ಒಂದು ಹೆಂಚು ಖಂಡಿತವಾಗಿ ಹೇಳಿತು.

ಕಿಟ್ಟೆಲರ ನಿಘಂಟನ್ನೂ, 'ಮಂಗಳೂರ ಸಮಾಚಾರ'ವೆಂಬ ಕನ್ನಡದ ಮೊದಲ ವೃತ್ತಪತ್ರಿಕೆಯನ್ನೂ ನಮಗೆ ಕೊಟ್ಟ ಆ ಬಾಸೆಲ್ ಮಿಶನ್ನಿನವರೇ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಈ ಕಾರಖಾನೆಯನ್ನು ತೆರೆದರು. ಜಾರ್ಜ್ ಪ್ಲೆಬ್ಸ್ಟ್ ಎಂಬವರು ಅದರ ಸ್ಥಾಪಕರು. ನೇತ್ರಾವತಿಯ ದಡದ ಜೇಡಿಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ಒಂದರ ಅಂಚು ಮತ್ತೊಂದರ ಕಾಲುವೆಯಲ್ಲಿ ಕೂಡುವಂತೆ ಮಾಡಿದ ಈ ಹೆಂಚು, ಹುಲ್ಲಿನ ಮಾಡಿನಂತೆ ಬೆಂಕಿಗೆ ಹೆದರದು, ನಾಡಹೆಂಚಿನಂತೆ ಕೋತಿ ಹಾರಿದರೆ ಕದಲದು. ಸಿಂಹಳಕ್ಕೂ ಏಡನ್ನಿಗೂ ಪೂರ್ವ ಆಫ್ರಿಕಕ್ಕೂ ಹಡಗಿನ ಮೇಲೆ ಹೋಯಿತು. ಬಂಡಿಯ ಮೇಲೋ ರೈಲಿನ ಮೇಲೋ ನಮ್ಮ ಬಯಲುಸೀಮೆಗೂ ಬಂದಿತು. ಕಡಲು ಸೇರಿದ ಹೆಂಚೂ ಉತ್ತರಹಳ್ಳಿಯ ಸೂರು ಸೇರಿದ ಹೆಂಚೂ ಒಂದೇ ಕಾರಖಾನೆಯ ಮುದ್ರೆ ಹೊತ್ತವು. ಒಂದಕ್ಕೆ ಬಂಡೆ ಎದುರಾಯಿತು, ಇನ್ನೊಂದಕ್ಕೆ ಎರಡು ವರ್ಷದ ಬೆಳೆ ಮಾರಿದ ಒಬ್ಬ ಗೃಹಸ್ಥನು ಸಿಕ್ಕಿದನು.

ಆಸೆ ಮುಳುಗಿಸಿದ ಹಡಗು

ನಿಧಿಯ ಆಸೆಯೇ ಹಡಗನ್ನು ಮುಳುಗಿಸಿದುದಕ್ಕೂ ದೃಷ್ಟಾಂತವಿದೆ. ವಾಸ್ಕೋ ಡ ಗಾಮನು ಎರಡನೆಯ ಸಲ ಮಲೆಯಾಳ ತೀರಕ್ಕೆ ಬಂದು 1503ರಲ್ಲಿ ಮರಳುವಾಗ, ತನ್ನವರ ಕೋಠಿಗಳ ಕಾವಲಿಗೆ ತನ್ನ ಬಂಧು ವಿಸೆಂತೆ ಸೊದ್ರೆಯನ್ನು ಬಿಟ್ಟುಹೋದನು. ಸೊದ್ರೆಯು ಕಾವಲನ್ನು ಬಿಟ್ಟು, ಅರಬರ ಹಡಗುಗಳನ್ನು ದೋಚಲು ಹೊರಟನು. ಒಮಾನ್ ದೇಶದ ದ್ವೀಪವೊಂದರ ಬಳಿ ಲಂಗರು ಹಾಕಿದ್ದಾಗ, ದೊಡ್ಡ ಗಾಳಿ ಬರಲಿದೆ, ಮರೆಗೆ ಹೋಗಿರೆಂದು ಅಲ್ಲಿಯ ಬಡಜನರು ಎಚ್ಚರಿಸಿದರು. ನಮ್ಮ ಲಂಗರುಗಳು ಗಟ್ಟಿಯೆಂದು ಅವನು ಕದಲಲಿಲ್ಲ. ಗಾಳಿ ಬಂದಿತು, ಹಡಗು ಬಂಡೆಗೆ ಅಪ್ಪಳಿಸಿತು, ಸೊದ್ರೆಯೂ ಅವನ 'ಎಸ್ಮೆರಾಲ್ಡ'ವೂ ಮುಳುಗಿದುವು. ಐನೂರು ವರ್ಷಗಳ ಮೇಲೆ, 2013ರಿಂದ 2015ರ ವರೆಗೆ, ಒಮಾನಿನ ಸರ್ಕಾರವು ತಜ್ಞರನ್ನು ಕೂಡಿಕೊಂಡು ಆ ಸ್ಥಳವನ್ನು ಶೋಧಿಸಿತು. ಚಿನ್ನದ ನಾಣ್ಯಗಳೂ, 1498 ಎಂಬ ಇಸವಿಯುಳ್ಳ ಗಂಟೆಯೂ ಅಲ್ಲಿ ದೊರೆತುವು. ಅವನ್ನು ಯಾರೂ ಹಂಚಿಕೊಳ್ಳಲಿಲ್ಲ. ಚರಿತ್ರೆಯ ವಸ್ತುಗಳಾಗಿ ಕಾಪಾಡಿದರು.

ನಮ್ಮ ದೇಶದಲ್ಲಿಯೂ ಸಿಕ್ಕಿದುದೆಲ್ಲ ಸಿಕ್ಕಿದವನ ಪಾಲಲ್ಲ. 1878ರ ನಿಧಿ ಕಾನೂನು ಹತ್ತು ರೂಪಾಯಿಗೆ ಮೀರಿದ ನಿಕ್ಷೇಪವನ್ನು ಕಂಡವನು ಕಲೆಕ್ಟರಿಗೆ ತಿಳಿಸಬೇಕೆಂದು ವಿಧಿಸಿತು. 1972ರ ಪುರಾತನ ವಸ್ತುಗಳ ಕಾನೂನು ನೂರು ವರ್ಷಗಳನ್ನು ದಾಟಿದ ಶಿಲ್ಪ, ನಾಣ್ಯ ಮೊದಲಾದುವನ್ನು ಪುರಾತನವೆಂದೆಣಿಸಿ, ಅವನ್ನು ಹೊರದೇಶಕ್ಕೆ ಸಾಗಿಸದಂತೆ ತಡೆಯಿತು. ಇದರಲ್ಲಿ ನ್ಯಾಯವಿದೆ. ದೋಚುವವನು ಬೆಳ್ಳಿಯನ್ನು ಒಯ್ದು ಹೆಂಚನ್ನು ಒಡೆಯುವನು. ತಿಳಿದವನು ಪ್ರತಿಯೊಂದು ವಸ್ತುವೂ ಬಿದ್ದಿದ್ದ ಜಾಗವನ್ನು ದಾರಕಟ್ಟಿ ಅಳೆದು, ಚಿತ್ರ ಬರೆದುಕೊಂಡು, ಬಳಿಕ ಮುಟ್ಟುವನು. ಜಾಗ ತಪ್ಪಿದ ವಸ್ತು ವಿಳಾಸ ಅಳಿಸಿದ ಕಾಗದದಂತೆ. ಎಲ್ಲಿಂದ ಬಂದಿತು, ಯಾರಿಗೆ ಸೇರಬೇಕು ಎಂಬುದು ತಿಳಿಯದು.

ತಲಪದ ಕಾಗದಗಳು

ಕಾಗದದ ಮಾತು ಬಂದಿತು. 'ಗೇರುಸೊಪ್ಪೆ'ಯ ಕಥೆಯಲ್ಲಿ ನಮಗೆ ಎಲ್ಲಕ್ಕಿಂತ ಹಿರಿದೆಂದು ತೋರಿದುದನ್ನು ಕೊನೆಗೆ ಹೇಳುತ್ತೇವೆ. ಬೆಳ್ಳಿಯನ್ನು ಅರಸುತ್ತಿದ್ದವರಿಗೆ ಹಡಗಿನ ಒಡಲಿನಲ್ಲಿ ಟಪಾಲಿನ ಚೀಲಗಳೂ ಸಿಕ್ಕಿದುವು. ಬೆಳಕೂ ಗಾಳಿಯೂ ಸೋಕದ ಆಳದಲ್ಲಿ, ಸರಕಿನ ರಾಶಿಯ ಅಡಿಯಲ್ಲಿ ಒತ್ತಿಬಿದ್ದಿದ್ದರಿಂದ, ಎಪ್ಪತ್ತು ವರ್ಷಗಳ ಮೇಲೆಯೂ ಕಾಗದಗಳು ಕರಗಿರಲಿಲ್ಲ. ತಿಳಿದವರು ಮುದ್ದೆಯಾಗಿದ್ದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿದರು. ಏಳುನೂರಕ್ಕೂ ಮಿಕ್ಕಿ ಕಾಗದಗಳು ಉಳಿದುವು. 2018ರಲ್ಲಿ ಲಂಡನ್ನಿನ ಅಂಚೆಯ ವಸ್ತುಸಂಗ್ರಹಾಲಯವು ಅವುಗಳಲ್ಲಿ ಕೆಲವನ್ನು ಜನರ ಮುಂದಿಟ್ಟಿತು.

ಅವು 1940ರಲ್ಲಿ ಇಂಡಿಯದಲ್ಲಿದ್ದ ಸಿಪಾಯಿಗಳೂ ವರ್ತಕರೂ ಪಾದ್ರಿಗಳೂ ತಮ್ಮ ಮನೆಗಳಿಗೆ ಬರೆದವು. ಒಬ್ಬ ಸಿಪಾಯಿಯು ಒಬ್ಬ ಹುಡುಗಿಯನ್ನು ಮದುವೆಯಾಗುವೆಯಾ ಎಂದು ಕೇಳಿ, ಅವಳು ಒಪ್ಪಿದಳೆಂದು ತಿಳಿದ ಸಂತೋಷದಲ್ಲಿ ಮರುಕಾಗದ ಬರೆದಿದ್ದನು. ಆ ಕಾಗದವು ಹಡಗಿನೊಡನೆ ಮುಳುಗಿತು. ಅವಳು ಮುಂದೆ ಬೇರೊಬ್ಬರನ್ನು ಮದುವೆಯಾಗಿ, ಮಕ್ಕಳನ್ನು ಹೆತ್ತು, ಬಾಳನ್ನು ಸಾಗಿಸಿದಳು. ಎಪ್ಪತ್ತೇಳು ವರ್ಷಗಳ ಬಳಿಕ, ತೊಂಬತ್ತು ದಾಟಿದ ಮುದುಕಿಯಾಗಿ, ಆ ಕಾಗದವನ್ನು ಕಂಡಳು. ನೂರ ಹತ್ತು ಟನ್ನು ಬೆಳ್ಳಿಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೆ, ಇನ್ನೊಂದರಲ್ಲಿ ಈ ಒಂದು ಹಾಳೆಯನ್ನು ಇಡಬಹುದೆಂದು ನಮಗೆ ತೋರುವುದು.

ನಾವು ಇದನ್ನು ಹೇಳಿ ಮುಗಿಸಿದಾಗ ಅಜ್ಜಿಯು ಏನೂ ಮಾತನಾಡದೆ ಒಳಕ್ಕೆ ನೋಡಿದರು. "ಅಟ್ಟದ ಮೇಲೆ ತೊಲೆಗೆ ಸಿಕ್ಕಿಸಿದ ತಂತಿ ಒಂದಿತ್ತಲ್ಲ, ಅದೇನಾಯಿತು?" ಎಂದು ಮೊಮ್ಮಗನನ್ನು ಕೇಳಿದರು. ಹಿಂದೆ ಮನೆಗೆ ಬಂದ ಕಾಗದಗಳನ್ನೆಲ್ಲ ಓದಿ, ಕೊಕ್ಕೆಯ ತಂತಿಗೆ ಚುಚ್ಚಿ ತೂಗುಹಾಕುವ ಪದ್ಧತಿಯನ್ನು ವಾಚಕರಲ್ಲಿ ಹಿರಿಯರು ಬಲ್ಲರು. ಹುಡುಗನು ತಲೆ ತಗ್ಗಿಸಿ, ಅದನ್ನು ಕಸದ ರಾಶಿಯ ಜೊತೆ ಹಿತ್ತಲಿಗೆ ಹಾಕಿದೆನೆಂದನು. ಎಲ್ಲರೂ ಎದ್ದು ಹೋದೆವು. ಪುಣ್ಯಕ್ಕೆ ಬೆಂಕಿ ಹಚ್ಚಿರಲಿಲ್ಲ. ಗೆದ್ದಲು ಅಂಚನ್ನಷ್ಟು ತಿಂದಿತ್ತು, ಅಕ್ಷರಗಳು ಉಳಿದಿದ್ದುವು.

ಆ ತಂತಿಯಲ್ಲಿ ಮುತ್ತಾತನವರಿಗೆ ಬಂದ ಒಂದು ಕಾರ್ಡು ಇದ್ದಿತು. ಹೆಂಚಿನ ಬಾಬ್ತು ಬಾಕಿ ಹಣ ಸಂದಾಯವಾಯಿತೆಂದೂ, ಕೈಯಲ್ಲಿದ್ದ ಬೆಳ್ಳಿಯ ರೂಪಾಯಿಗಳನ್ನೆಲ್ಲ ಕೊಟ್ಟುಬಿಟ್ಟಿರಾದ್ದರಿಂದ ಮುಂದಿನ ಸುಗ್ಗಿಯ ವರೆಗೆ ಖರ್ಚಿಗೆ ಬೇಕಾದರೆ ಸಂಕೋಚವಿಲ್ಲದೆ ಬರೆಯಬೇಕೆಂದೂ ಅವರ ಭಾವಮೈದುನರು ಬರೆದಿದ್ದರು. ಮೂರು ತಲೆಮಾರು ಅರಸಿದ ಬೆಳ್ಳಿ ಎಲ್ಲಿಗೆ ಹೋಯಿತೆಂಬುದು ಅಂದಿಗೆ ತಿಳಿಯಿತು. ಅದು ನೆಲದಲ್ಲಿರಲಿಲ್ಲ, ನೆತ್ತಿಯ ಮೇಲಿದ್ದಿತು. ಆ ಸಂಜೆಯೇ ಅಜ್ಜಿಯು ದೊಡ್ಡಮಗನ ಕೈಯಲ್ಲಿ ಕಾರ್ಡನ್ನು ಕೊಟ್ಟು, "ಹೋಗಿ ನಿನ್ನ ತಮ್ಮನಿಗೆ ತೋರಿಸಿ ಬಾರಪ್ಪ" ಎಂದು ಕಳುಹಿಸಿದರು.

ಹಳೆಯ ಮನೆಯನ್ನು ಬಿಚ್ಚಿಸುವ ವಾಚಕರಿಗೆ ನಮ್ಮದೊಂದು ವಿಜ್ಞಾಪನೆ. ನೆಲವನ್ನು ಅಗೆಯುವ ಮುಂಚೆ ಅಟ್ಟವನ್ನು ನೋಡಿರಿ. ಕಾಗದಗಳಿದ್ದರೆ ಧೂಳನ್ನು ಮೆತ್ತಗೆ ಒರಸಿ, ತಂತಿಯಿಂದ ಬಿಡಿಸಿ, ಬಿಸಿಲೂ ತೇವವೂ ತಾಗದ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಇಡಿರಿ; ಯಾರು ಯಾರಿಗೆ ಬರೆದುದೆಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ. ಹೆಂಚುಗಳನ್ನು ಬೆನ್ನು ತಿರುವಿ ಒಮ್ಮೆ ಓದಿರಿ. ನೆರೆಮನೆಯವರು ಅವುಗಳಲ್ಲಿ ಒಡೆಯದೆ ಉಳಿದವನ್ನು ಹಿತ್ತಲಿನ ಕೊಟ್ಟಿಗೆಗೆ ಹೊದಿಸಿದ್ದಾರೆ. ಈ ಸಲದ ಮಳೆಗೆ ಒಂದು ಹನಿಯೂ ಸೋರಲಿಲ್ಲವೆಂದು ಅಜ್ಜಿಯು ಮೊನ್ನೆ ಹೇಳಿದರು.